ತೀರ್ಥವೂ ಪಂಕ್ತಿಯೂ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬುದು ನಮ್ಮ ಹಿರಿಯರ ಮಾತು. ಕೋಶ ಓದುವ ಕೆಲಸವನ್ನು ಪರೀಕ್ಷೆಯ ಭಯದಿಂದಲಾದರೂ ನಾವು ವಿದ್ಯಾರ್ಥಿಗಳು ಅಷ್ಟಿಷ್ಟು ಮಾಡುತ್ತೇವೆ. ದೇಶ ಸುತ್ತುವ ಕೆಲಸ ಮಾತ್ರ ಮನೆಯ ಮುದುಕರ ಪಾಲಿಗೆ ಉಳಿದಿದೆ. ಅವರು ಸುತ್ತುವುದು ತೀರ್ಥಯಾತ್ರೆಯ ಹೆಸರಿನಲ್ಲಿ. ಈ ಯಾತ್ರೆಯ ವಿಷಯದಲ್ಲಿ ನಮ್ಮ ಗೆಳೆಯರಲ್ಲಿ ಎರಡು ಪಕ್ಷಗಳುಂಟು. ಯಾತ್ರೆಯಿಂದ ಪಾಪ ಕಳೆಯುವುದೆಂದು ಒಂದು ಪಕ್ಷ. ಹಣವೂ ಕಾಲವೂ ಕಳೆಯುವುದೇ ಹೊರತು ಬೇರೇನೂ ಇಲ್ಲವೆಂದು ಇನ್ನೊಂದು ಪಕ್ಷ. ಯಾವುದಕ್ಕೂ ಸೇರದೆ ಇದ್ದ ನನಗೆ, ಕಳೆದ ವರ್ಷ ಬೀದರಿಗೆ ಹೋಗಿ ಬಂದ ಮೇಲೆ, ಮೂರನೆಯದೊಂದು ಅಭಿಪ್ರಾಯ ಹುಟ್ಟಿದೆ. ಕ್ಷೇತ್ರದ ಹಿರಿಮೆಯನ್ನು ಅಳೆಯಬೇಕಾದುದು ಅಲ್ಲಿಯ ಸ್ನಾನದಿಂದಲ್ಲ, ಊಟದ ಪಂಕ್ತಿಯಿಂದ. ಯಾತ್ರಿಕನ ಹಿರಿಮೆಯನ್ನಾದರೋ, ಅವನು ಊರಿಗೆ ಮರಳಿದ ಮೇಲೆ ಯಾರೊಡನೆ ಕುಳಿತು ಉಣ್ಣುತ್ತಾನೆಂಬುದರಿಂದ. ಇದನ್ನು ಸಹಪಾಠಿಗಳ ಮತ್ತು ಗುರುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಬೀದರು ಕೋಟೆಗೂ ಬಿದರಿ ಕೆಲಸಕ್ಕೂ ಹೆಸರಾದ ಊರು. ಅದು ನಿಂತಿರುವುದು ಕೆಂಪು ಮುರಕಲ್ಲಿನ ಎತ್ತರದ ಹಾಸಿನ ಮೇಲೆ. ಆ ಕಲ್ಲಿನಲ್ಲಿ ಜೇನುಗೂಡಿನಂತೆ ರಂಧ್ರಗಳಿವೆ. ಮಳೆಯ ನೀರು ಅದರಲ್ಲಿ ಇಳಿದು, ಕೆಳಗಿನ ಗಟ್ಟಿ ಕರಿಕಲ್ಲನ್ನು ಮುಟ್ಟಿ, ಮುಂದೆ ಇಳಿಯಲಾರದೆ ಅಲ್ಲಲ್ಲಿ ಬುಗ್ಗೆಯಾಗಿ ಹೊರಬೀಳುತ್ತದೆ. ಇಂತಹ ಒಂದು ನೀರಿನಲ್ಲಿ ಝರಣಿ ನರಸಿಂಹ ನೆಲಸಿದ್ದಾನೆ. ಇನ್ನೊಂದರ ಬಳಿ ನಾನಕ್ ಝೀರಾ ಗುರುದ್ವಾರವಿದೆ. ಗುರುನಾನಕರು (1469–1539) ದಕ್ಷಿಣ ದೇಶದ ಸಂಚಾರದಲ್ಲಿ ಇಲ್ಲಿಗೆ ಬಂದಾಗ ಜನ ಸಿಹಿನೀರಿಲ್ಲದೆ ಬಳಲುತ್ತಿದ್ದರೆಂದೂ, ಅವರು ಪಾದದಿಂದ ಕಲ್ಲನ್ನು ಸರಿಸಲು ನೀರು ಚಿಮ್ಮಿತೆಂದೂ ಐತಿಹ್ಯ. ನರಸಿಂಹನ ಗುಹೆಗಾದರೋ ಜಲಾಸುರನ ಕಥೆ. ಕಥೆಗಳು ಎರಡು, ಭಕ್ತರು ಎರಡು ಮತದವರು. ಕಲ್ಲು ಒಂದೇ, ಅದರ ಮೇಲೆ ಬೀಳುವ ಮಳೆಯೂ ಒಂದೇ.

ನಮ್ಮ ಅಜ್ಜಿಗೆ ನರಸಿಂಹನ ಹರಕೆಯಿದ್ದಿತು. ಆಕೆಯನ್ನು ಕರೆದೊಯ್ಯುವ ಭಾರ ನನ್ನ ಮೇಲೆ ಬಿತ್ತು. ಒಬ್ಬನಿಂದ ಆಗದೆಂದು ನನ್ನ ಬಾಲ್ಯದ ಗೆಳೆಯನನ್ನೂ ಕರೆದುಕೊಂಡೆ. ಅವನ ಹೆಸರು ಇಲ್ಲಿ ಬೇಡ. ಅವನು ನಮ್ಮ ಊರ ಹೊರಗಿನ ಕೇರಿಯವನೆಂದರೆ ಸಾಕು. ನಮ್ಮೂರ ಜಾತ್ರೆಯಲ್ಲಿ ಕಟ್ಟಿಗೆ ಒಡೆಯಲು, ನೀರು ಹೊರಲು ಅವನೂ ಅವನ ತಂದೆಯೂ ಬೇಕು. ಊಟದ ಹೊತ್ತಿಗೆ ಮಾತ್ರ ಅವರ ಎಲೆ ಬೇವಿನ ಮರದ ಕೆಳಗೆ, ಬೇರೆ. ಬಡಿಸುವವರು ಸೌಟನ್ನು ಮೇಲಿನಿಂದಲೇ ಬಗ್ಗಿಸುವರು. ನಾನು ಪ್ರತಿ ವರ್ಷವೂ ಅದನ್ನು ನೋಡಿದವನು, ನೋಡಿ ಸುಮ್ಮನಿದ್ದವನು.

ನರಸಿಂಹನ ದರ್ಶನಕ್ಕೆ ಗುಹೆಯೊಳಗೆ ಸುಮಾರು 300 ಮೀಟರು ನೀರಿನಲ್ಲಿ ನಡೆಯಬೇಕು. ನೀರು ಎದೆಯ ಮಟ್ಟಕ್ಕೆ ಬರುತ್ತದೆ. ತಲೆಯ ಮೇಲೆ ಬಾವಲಿಗಳು ತೂಗುತ್ತಿರುತ್ತವೆ. ಮಕ್ಕಳನ್ನು ಹೆಗಲ ಮೇಲೆ ಹೊತ್ತ ತಂದೆಯರು, ಸೆರಗನ್ನು ಬಿಗಿದ ಹೆಂಗಸರು, ಎಲ್ಲರೂ ಒಂದೇ ಸಾಲಿನಲ್ಲಿ ದೇವರ ಹೆಸರು ಕೂಗುತ್ತ ಸಾಗುತ್ತಾರೆ. ನಡುವೆ ಅಜ್ಜಿಯ ಕಾಲು ಜಾರಿತು. ಹಿಂದೆ ಇದ್ದ ನನ್ನ ಗೆಳೆಯ ರಟ್ಟೆ ಹಿಡಿದು ನಿಲ್ಲಿಸಿದ. ‘ತಮ್ಮಾ, ಕೈ ಬಿಡಬ್ಯಾಡಪ್ಪಾ’ ಎಂದಳು ಅಜ್ಜಿ. ಹೋಗುವಾಗಲೂ ಬರುವಾಗಲೂ ಅವಳು ಅವನ ಕೈ ಬಿಡಲಿಲ್ಲ. ಎದೆಯುದ್ದ ನೀರಿನಲ್ಲಿ ಮಡಿಯಾವುದು, ಮೈಲಿಗೆಯಾವುದು! ಮುಂದಿನವನ ಮೈ ತೊಳೆದ ನೀರೇ ಹಿಂದಿನವನಿಗೆ ತೀರ್ಥ.

ಅಲ್ಲಿಂದ ಗುರುದ್ವಾರಕ್ಕೆ ಹೋದೆವು. ಕಾಲು ತೊಳೆದು, ತಲೆಗೆ ವಸ್ತ್ರ ಕಟ್ಟಿಕೊಂಡು, ಝರಿಯ ನೀರು ಕುಡಿದು, ಲಂಗರಿಗೆ ಬಂದೆವು. ಉದ್ದಕ್ಕೆ ಹಾಸಿದ ಚಾಪೆಯ ಮೇಲೆ ಲಾರಿಯ ಚಾಲಕರು, ವ್ಯಾಪಾರಿಗಳು, ಕೂಲಿಯ ಹೆಂಗಸರು ಸಾಲಾಗಿ ಕುಳಿತಿದ್ದರು. ಅಜ್ಜಿ ಹಿಂದೆಗೆದಳು. ‘ನನಗ ಹಸಿವಿಲ್ಲ, ನೀವು ಉಣ್ಣ್ರಿ’ ಎಂದಳು. ಹಸಿವಿಲ್ಲವೆಂಬುದು ಸುಳ್ಳೆಂದು ನನಗೆ ಗೊತ್ತು. ಯಾರ ಪಕ್ಕ ಕೂಡಬೇಕಾದೀತೋ ಎಂಬ ಅಳುಕು ಅದು. ಬಡಿಸುತ್ತಿದ್ದ ವೃದ್ಧ ಸರದಾರರೊಬ್ಬರು ‘ಬೈಠಿಯೇ ಮಾತಾಜಿ’ ಎಂದು ಕೈಮುಗಿದರು. ಆ ಕೈಮುಗಿತಕ್ಕೆ ಅಜ್ಜಿಯಲ್ಲಿ ಉತ್ತರವಿರಲಿಲ್ಲ. ಕುಳಿತಳು. ಒಂದು ಪಕ್ಕದಲ್ಲಿ ನಾನು, ಇನ್ನೊಂದು ಪಕ್ಕದಲ್ಲಿ ನನ್ನ ಗೆಳೆಯ. ರೊಟ್ಟಿಯನ್ನು ಎರಡೂ ಕೈಯೊಡ್ಡಿ ಪ್ರಸಾದದಂತೆ ತೆಗೆದುಕೊಳ್ಳುವುದು ಅಲ್ಲಿಯ ಪದ್ಧತಿ. ಮೂವರ ಕೈಗೂ ಒಂದೇ ಎತ್ತರದಿಂದ ರೊಟ್ಟಿ ಬಿದ್ದಿತು.

ಸಿಖ್ಖರು ಈ ಸಾಲನ್ನು ‘ಪಂಗತ್’ ಎನ್ನುತ್ತಾರೆ. ಅದು ನಮ್ಮ ‘ಪಂಕ್ತಿ’ಯೇ. ಆದರೆ ನಮ್ಮಲ್ಲಿ ಪಂಕ್ತಿಯ ಬೆನ್ನಿಗೆ ‘ಪಂಕ್ತಿಭೇದ’ವೆಂಬ ಇನ್ನೊಂದು ಶಬ್ದ ಅಂಟಿಕೊಂಡಿದೆ. ಸಿಖ್ಖರ ಗುರುಗಳು ಆ ಭೇದವನ್ನು ತೆಗೆಯಲೆಂದೇ ಪಂಕ್ತಿಯನ್ನು ಹಿಡಿದರು. ತೀರ್ಥದ ವಿಷಯದಲ್ಲಿಯೂ ಅವರದು ಇದೇ ದಾರಿ. ಹರಿದ್ವಾರದಲ್ಲಿ ಜನ ಪಿತೃಗಳಿಗೆಂದು ಪೂರ್ವಕ್ಕೆ ನೀರೆರೆಯುತ್ತಿರಲು ನಾನಕರು ಪಶ್ಚಿಮಕ್ಕೆ ಎರೆದರಂತೆ. ಕೇಳಿದವರಿಗೆ, ಪಂಜಾಬಿನಲ್ಲಿರುವ ತಮ್ಮ ಹೊಲಕ್ಕೆ ನೀರು ಹಾಯಿಸುತ್ತಿರುವೆನೆಂದರಂತೆ. ಜನ್ಮಸಾಖಿಗಳು ಹೇಳುವ ಕಥೆಯಿದು. ಹೀಗೆ ತೀರ್ಥದ ಮೂಢಾಚಾರವನ್ನು ನಕ್ಕವರ ಪರಂಪರೆಯಲ್ಲಿಯೇ ಮೂರನೆಯ ಗುರು ಅಮರದಾಸರು ಗೋಯಿಂದವಾಲದಲ್ಲಿ 84 ಮೆಟ್ಟಿಲುಗಳ ಬಾವಿಯನ್ನು ಕಟ್ಟಿಸಿದರು. ತಮ್ಮನ್ನು ಕಾಣಬಂದವರು ಮೊದಲು ಪಂಕ್ತಿಯಲ್ಲಿ ಕುಳಿತು ಉಣ್ಣಬೇಕೆಂದು ವಿಧಿಸಿದರು. ನಾಲ್ಕನೆಯ ಗುರು ರಾಮದಾಸರು ಅಮೃತಸರದ ಕೊಳವನ್ನು ತೋಡಿಸಿದರು. ಅದರ ನಡುವೆ ಐದನೆಯ ಗುರು ಅರ್ಜನದೇವರು ಕಟ್ಟಿಸಿದ ಹರಿಮಂದಿರಕ್ಕೆ ನಾಲ್ಕು ದಿಕ್ಕಿಗೂ ಬಾಗಿಲು. ಜನರಿಗೆ ಕ್ಷೇತ್ರ ಬೇಕೇ ಬೇಕೆಂದು ಅರಿತು, ಕ್ಷೇತ್ರಕ್ಕೆ ಒಂದು ಕೆಲಸವನ್ನು ಒಪ್ಪಿಸಿದ ಜಾಣ್ಮೆ ಇದು.

1699ರಲ್ಲಿ ಆನಂದಪುರದಲ್ಲಿ ಹತ್ತನೆಯ ಗುರು ಗೋವಿಂದಸಿಂಹರು ಖಾಲ್ಸಾ ಪಂಥವನ್ನು ಸ್ಥಾಪಿಸಿದಾಗ ತಲೆಯೊಪ್ಪಿಸಲು ಮುಂದೆ ಬಂದ ಐವರನ್ನು ‘ಪಂಜ್ ಪ್ಯಾರೇ’ ಎನ್ನುತ್ತಾರೆ. ಸಿಖ್ಖರ ಸಂಪ್ರದಾಯದಂತೆ ಅವರಲ್ಲಿ ಒಬ್ಬನು ಜಗನ್ನಾಥಪುರಿಯವನು, ನೀರು ಹೊರುವವನು, ಒಬ್ಬನು ದ್ವಾರಕೆಯವನು, ಮತ್ತೊಬ್ಬನು ನಮ್ಮ ಬೀದರಿನವನು, ಕ್ಷೌರಿಕರ ಮನೆಯ ಸಾಹಿಬ್ ಚಂದ, ಮುಂದೆ ಭಾಯಿ ಸಾಹಿಬ್ ಸಿಂಗ್. ಇದನ್ನೋದಿದ ದಿನ ನನಗೆ ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು. ಅಷ್ಟು ದೂರ ಹೋಗುವುದೇಕೆ? ಇದೇ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ 12ನೆಯ ಶತಮಾನದಲ್ಲಿಯೇ ಶರಣರು ದಾಸೋಹವನ್ನು ನಡೆಸಿದ್ದರು. ಮಾದಾರನೂ ಮಡಿವಾಳನೂ ಮಂತ್ರಿಯೂ ಅಲ್ಲಿ ಒಂದೆಡೆ ಕೂಡಿದ್ದರು. ನಮ್ಮ ಮನೆಯಲ್ಲಿದ್ದುದನ್ನು ಮರೆತು ನೆರೆಮನೆಯಲ್ಲಿ ಕಂಡು ಬೆರಗಾಗುವವರು ನಾವು.

ಇಲ್ಲಿ ಎರಡು ಆಕ್ಷೇಪಣೆಗಳು ಬರಬಹುದು. ನಮ್ಮ ದೇವಾಲಯಗಳಲ್ಲಿ ಅನ್ನದಾನವಿಲ್ಲವೇ ಎಂಬುದು ಮೊದಲನೆಯದು. ಇದೆ, ಧರ್ಮಸ್ಥಳದಂತಹ ಕ್ಷೇತ್ರಗಳಲ್ಲಿ ದಿನವೂ ಸಾವಿರಾರು ಮಂದಿ ಉಣ್ಣುತ್ತಾರೆ, ಅದು ಸಣ್ಣ ಮಾತಲ್ಲ. ನನ್ನ ದೂರು ದೊಡ್ಡ ಕ್ಷೇತ್ರಗಳ ಮೇಲಲ್ಲ, ನಮ್ಮೂರಂತಹ ಸಣ್ಣ ಗುಡಿಗಳ ಅಂಗಳದ ಮೇಲೆ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು 1950ರಲ್ಲಿಯೇ ತೊಡೆದುಹಾಕಿತು. ಕಾನೂನು ಗುಡಿಯ ಬಾಗಿಲನ್ನು ತೆರೆಯಬಲ್ಲುದು. ಪಕ್ಕದ ಎಲೆಗೆ ಕೂಡುವ ಮನಸ್ಸನ್ನು ನಾವೇ ತೆರೆಯಬೇಕು.

ಸಿಖ್ಖರಲ್ಲಿ ಜಾತಿಯಿಲ್ಲವೇ ಎಂಬುದು ಎರಡನೆಯದು. ಉಂಟು. ಪಂಜಾಬಿನ ಎಷ್ಟೋ ಹಳ್ಳಿಗಳಲ್ಲಿ ಜಾತಿಗೊಂದು ಗುರುದ್ವಾರವಿದೆ. 1920ರ ಅಕ್ಟೋಬರ್ 12ರಂದು ಅಮೃತಸರದ ಹರಿಮಂದಿರದಲ್ಲಿಯೇ, ಕೆಳಜಾತಿಯೆಂದು ಎಣಿಸಿದ್ದ ಸಿಖ್ಖರು ತಂದ ಕಡಾಹ ಪ್ರಸಾದವನ್ನು ಅರ್ಪಿಸಲು ಪೂಜಾರಿಗಳು ಒಪ್ಪಲಿಲ್ಲ. ಅವರೊಡನೆ ಬಂದವರು ಹಿಂದಿರುಗಲಿಲ್ಲ. ಪಟ್ಟು ಹಿಡಿದು ಪ್ರಸಾದವನ್ನು ಸಲ್ಲಿಸಿದರು. ಆ ಕಾಲದ ಗುರುದ್ವಾರ ಸುಧಾರಣೆಯ ಚಳವಳಿಯಿಂದಲೇ 1925ರ ಗುರುದ್ವಾರ ಕಾಯಿದೆ ಬಂದಿತು. ಇದರಿಂದ ನನ್ನ ವಾದಕ್ಕೆ ಬಲ ಬರುತ್ತದೆಯೇ ಹೊರತು ಹಾನಿಯಿಲ್ಲ. ಗುರುಗಳೇ ಹಾಸಿದ ಚಾಪೆಯನ್ನೂ ಮಡಿಸಿಡುವವರು ಹುಟ್ಟುತ್ತಾರೆ. ಅದನ್ನು ತಲೆಮಾರಿಗೊಮ್ಮೆ ಯಾರಾದರೂ ಮತ್ತೆ ಹಾಸಬೇಕಾಗುತ್ತದೆ.

ಇನ್ನು ಹೇಳಲು ಕಷ್ಟವಾದುದನ್ನು ಹೇಳಿ ಮುಗಿಸುತ್ತೇನೆ. ಬೀದರಿನಿಂದ ಬಂದ ಮರುವಾರ ನನ್ನ ಗೆಳೆಯ ಮನೆಗೆ ಬಂದ. ಅಜ್ಜಿ ಪ್ರೀತಿಯಿಂದಲೇ ಮಾತನಾಡಿಸಿದಳು, ಚಹ ಕೊಟ್ಟಳು. ಲೋಟ ಮಾತ್ರ ಹಿತ್ತಲ ಗೂಡಿನಲ್ಲಿ ಬೇರೆಯಾಗಿ ಇಟ್ಟ ಹಳೆಯ ಲೋಟ. ಗೆಳೆಯ ಏನೂ ಅನ್ನದೆ ಕುಡಿದು, ತೊಳೆದಿಟ್ಟು ಹೋದ. ‘ಆಯೀ, ಗುಹೆಯಾಗ ಯಾರ ಕೈ ಹಿಡಿದಿದ್ದಿ?’ ಎಂದು ಕೇಳಿದೆ. ‘ಅದು ದೇವರ ಜಾಗ, ಇದು ಮನಿ’ ಎಂದಳು. ಅಜ್ಜಿಯನ್ನು ಹಳಿಯಲಾರೆ, ಅವಳಿಗೆ ಇದನ್ನು ಕಲಿಸಿದವರು ಅವಳ ಹಿರಿಯರು. ಆದರೆ ಆ ಮಾತಿನಲ್ಲಿ ನಮ್ಮ ತೀರ್ಥಯಾತ್ರೆಗಳ ಕೊರತೆಯೆಲ್ಲ ಅಡಗಿದೆ. ಕ್ಷೇತ್ರದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತೇವೆ. ಬರುವಾಗ ಚಪ್ಪಲಿಯನ್ನು ಮರೆಯದೆ ಮೆಟ್ಟಿಕೊಂಡು, ಒಳಗೆ ಕಲಿತುದನ್ನು ಅಲ್ಲಿಯೇ ಬಿಟ್ಟು ಬರುತ್ತೇವೆ.

ಪ್ರಿಯ ಸಹಪಾಠಿಗಳೇ, ನಮ್ಮಲ್ಲಿ ಬಹುಮಂದಿ ಹಳ್ಳಿಗಳಿಂದ ಬಂದವರು. ಪ್ರತಿಯೊಬ್ಬರ ಊರಿನಲ್ಲಿಯೂ ಒಂದು ಜಾತ್ರೆಯಿದೆ, ಬಹುಶಃ ಒಂದು ಬೇವಿನ ಮರವೂ ಇದೆ. ಕಾಶಿಗೆ ಹೋಗಬೇಕೆಂದಾಗಲಿ, ಅಮೃತಸರಕ್ಕೆ ಹೋಗಬೇಕೆಂದಾಗಲಿ ನಾನು ಹೇಳುವುದಿಲ್ಲ. ಮುಂದಿನ ಜಾತ್ರೆಯ ಊಟಕ್ಕೆ ಆ ಮರದವರೆಗೆ ನಡೆದು ಹೋಗಿ, ಅಲ್ಲಿ ಎಲೆ ಹಾಕಿಸಿಕೊಂಡು ಕುಳಿತರೆ ಸಾಕು. ನಾನಂತೂ ಈ ಸಲ ಹಾಗೆಯೇ ಮಾಡಬೇಕೆಂದಿದ್ದೇನೆ. ನನ್ನ ಗೆಳೆಯನಿಗೂ ಹೇಳಿದ್ದೇನೆ. ‘ನೋಡೋಣು’ ಎಂದ. ಇಷ್ಟು ವರ್ಷ ಸುಮ್ಮನಿದ್ದವನ ಮಾತನ್ನು ಅವನು ಕೂಡಲೇ ನಂಬಬೇಕೆಂದು ಬಯಸುವ ಹಕ್ಕು ನನಗಿಲ್ಲ. ಅಜ್ಜಿಗೂ ಹೇಳಿದ್ದೇನೆ. ಅವಳು ಬೇಡವೆನ್ನಲಿಲ್ಲ. ಆ ದಿನದಿಂದ ಹಿತ್ತಲ ಗೂಡಿನ ಲೋಟ ನನ್ನ ಲೋಟವಾಗಿದೆ. ಗೆಳೆಯ ಬಂದಾಗ ನಾನು ಅದರಲ್ಲಿಯೇ ಕುಡಿಯುತ್ತೇನೆ, ಅವನಿಗೆ ನನ್ನದನ್ನು ಕೊಡುತ್ತೇನೆ. ಅಜ್ಜಿ ನೋಡುತ್ತಾಳೆ, ಏನೂ ಅನ್ನುವುದಿಲ್ಲ.