ಕರೆಂಟ್ ನಿಂತ ಮೇಲಿನ ಹದಿನೈದು ದಿನ

ಮೂಡಲಗಿಯ ನಮ್ಮ ಚಿಗವ್ವನಿಗೆ ಎದೆಯ ಕ್ಯಾನ್ಸರ್. ಆಪರೇಶನ್, ಕಿಮೊ ಮುಗಿದ ಮೇಲೆ ಬೆಳಗಾವಿಯಲ್ಲಿ ಐದು ವಾರ ಕರೆಂಟ್ ಕೊಡಿಸಿದೆವು. ರೇಡಿಯೋಥೆರಪಿಗೆ ನಮ್ಮ ಕಡೆ ಹಾಗೇ ಅನ್ನುತ್ತಾರೆ. ಕೊನೆಯ ದಿನ ಊರಿಗೆ ಬಂದಾಗ ಕಂಕುಳು ತುಸು ಕಪ್ಪಿಟ್ಟಿತ್ತು, ತುರಿಸುತ್ತಿತ್ತು, ಅಷ್ಟೇ. ಎಂಟನೇ ದಿನ ತೊಗಲು ಸುಲಿದು ನೀರು ಒಸರಿ ಕುಪ್ಪಸ ಅಂಟಿಕೊಂಡಿತು. ‘ಯವ್ವಾ, ಸೆರಗ ತಾಗಿದ್ರೂ ಉರೀತೈತಿ’ ಎಂದಳು. ಸಲೈನ್ ಹನಿಸುತ್ತ ಆ ಬಟ್ಟೆ ಬಿಡಿಸಲು ನನಗೆ ಅರ್ಧ ತಾಸು ಹಿಡಿಯಿತು. ಹೀಗಾಗಬಹುದೆಂದು ನಮಗೆ ಯಾರೂ ಹೇಳಿರಲಿಲ್ಲ.

ಕಿರಣದ ಪೆಟ್ಟು ಬೀಳುವುದು ಚರ್ಮದ ತಳದಲ್ಲಿ ಹೊಸ ಜೀವಕೋಶ ಹುಟ್ಟಿಸುವ ಪದರಕ್ಕೆ. ಮೇಲಿನ ಹಳೆಯದು ಉದುರುತ್ತದೆ, ಅದರ ಜಾಗಕ್ಕೆ ಹೊಸದು ಬರುವುದಿಲ್ಲ. ಎರಡು-ಮೂರನೇ ವಾರಕ್ಕೆ ಶುರುವಾಗುವ ಈ ಗಾಯ ಜೋರಾಗುವುದು ಚಿಕಿತ್ಸೆ ಮುಗಿದ 1–2 ವಾರಕ್ಕೆ. ಅಂದರೆ ಡಾಕ್ಟರು, ನರ್ಸು ಬೆಳಗಾವಿಯಲ್ಲಿ, ಗಾಯ ಮೂಡಲಗಿಯಲ್ಲಿ. ಪುಸ್ತಕಗಳು ‘ಚರ್ಮ ಕೆಂಪಾಗುತ್ತದೆ’ ಎನ್ನುತ್ತವೆ. ನಮ್ಮ ಮೈಬಣ್ಣದಲ್ಲಿ ಅದು ಕಪ್ಪಾಗಿ ಕಾಣುತ್ತದೆ, ಹಾಗಾಗಿ ಮೊದಲ ಸೂಚನೆಯೇ ಕೈತಪ್ಪುತ್ತದೆ.

ಬಾಯಿ, ಗಂಟಲಿನ ಕ್ಯಾನ್ಸರಿನವರ ಪಾಡು ಇನ್ನೂ ಕಷ್ಟ. ತಂಬಾಕಿನ ಸೀಮೆಯಾದ ನಿಪ್ಪಾಣಿಯ ಪಕ್ಕದಲ್ಲೇ ನಮ್ಮ ಹುಕ್ಕೇರಿ ಇದೆ, ಅಂಥ ರೋಗಿಗಳು ನಮ್ಮಲ್ಲಿ ಕಡಿಮೆಯಿಲ್ಲ. ಆರೇಳು ವಾರ, ವಾರಕ್ಕೆ ಐದು ದಿನ ಚಿಕಿತ್ಸೆ. ಗೋಕಾಕದಿಂದ ಬೆಳಗಾವಿಗೆ 60 ಕಿ.ಮೀ.ಗೂ ಹೆಚ್ಚು, ಬಸ್ಸಿನ ಧೂಳು, ಬೆವರು, ಕುತ್ತಿಗೆಗೆ ಉಜ್ಜುವ ಕಾಲರು. ನಾಲ್ಕನೇ ವಾರಕ್ಕೆ ಕುತ್ತಿಗೆ ಸುಲಿದಾಗ ‘ಸಾಕು ಬಿಡ್ರಿ’ ಎಂದು ಮನೆಯಲ್ಲಿ ಕೂತವರನ್ನು ಕಂಡಿದ್ದೇನೆ. ಚಿಕಿತ್ಸೆ ಹೀಗೆ ನಡುವೆ ನಿಂತರೆ ಗಡ್ಡೆ ಮತ್ತೆ ಚಿಗುರುತ್ತದೆ. ತಪ್ಪಿದ ಒಂದೊಂದು ದಿನಕ್ಕೂ ಅದು ಹತೋಟಿಗೆ ಬರುವ ಸಾಧ್ಯತೆ ಶೇ. 1ರಷ್ಟು ಕುಗ್ಗುತ್ತದೆ. ಚರ್ಮದ ಆರೈಕೆ ಮೇಲುಪಚಾರವಲ್ಲ, ಚಿಕಿತ್ಸೆಯ ಭಾಗವೇ.

ಆರೈಕೆ ದೊಡ್ಡದೇನಲ್ಲ. ‘ನೀರು ಸೋಂಕಿಸಬೇಡಿ’ ಎಂಬ ಹಳೆಯ ಮಾತು ತಪ್ಪು. ಉಗುರುಬೆಚ್ಚಗಿನ ನೀರು, ಮೆದು ಸೋಪಿನಿಂದ ದಿನಾ ತೊಳೆದು, ಉಜ್ಜದೆ ಒತ್ತಿ ಒರೆಸಬೇಕು. ಕಿರಣ ಬಿಡುವ ಜಾಗಕ್ಕೆ ಚರ್ಮದ ಮೇಲೆ ಹಾಕಿದ ಗುರುತಿನ ಗೆರೆ ಮಾತ್ರ ಅಳಿಸಬಾರದು. ಸಡಿಲ ಹತ್ತಿ ಬಟ್ಟೆ ಇರಲಿ. ಬಿಸಿಲು, ಬ್ಲೇಡು, ಅಂಟುಪಟ್ಟಿ, ತಂಬಾಕು ಬೇಡ. ಡಾಕ್ಟರು ಬರೆದುಕೊಟ್ಟರೆ ಮೊಮೆಟಾಸೋನ್ ಮುಲಾಮನ್ನು ಚಿಕಿತ್ಸೆಯ ಮೊದಲ ದಿನದಿಂದಲೇ ಹಚ್ಚಬಹುದು, ಅದರಿಂದ ಗಾಯದ ತೀವ್ರತೆ ತಗ್ಗುತ್ತದೆ. ಚರ್ಮ ಸುಲಿದರೆ ಗಾಯಕ್ಕೆ ಅಂಟದ ಸಿಲಿಕೋನ್ ಡ್ರೆಸಿಂಗ್ ಬೇಕು. ಕೀವು, ಜ್ವರ ಕಂಡರೆ ಕಾಯಬಾರದು.

ಅರಿಷಿಣ ಹಚ್ಚಿ ಎಂದ ನೆರೆಮನೆಯ ಆಯಿಯನ್ನು ನಾನು ಬೈಯಲಾರೆ. ಮಂಗಳೂರಿನಲ್ಲಿ ತಲೆ-ಕುತ್ತಿಗೆ ಕ್ಯಾನ್ಸರಿನ 50 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನದಲ್ಲಿ ಅರಿಷಿಣ-ಗಂಧದೆಣ್ಣೆಯ ಕ್ರೀಮಿನಿಂದ ಚರ್ಮದ ಹಾನಿ ಕಡಿಮೆಯಾಗಿತ್ತು. ಆದರೆ ಅದು ಗಾಯವಾಗುವ ಮುಂಚಿನಿಂದ ಹಚ್ಚಿದ, ತಯಾರಿಸಿದ ಕ್ರೀಮು. ಸುಲಿದ ಹಸಿಗಾಯಕ್ಕೆ ಅಡುಗೆಮನೆಯ ಡಬ್ಬಿಯ ಪುಡಿ ಸಲ್ಲದು.

ಬೆಳಗಾವಿ, ಹುಬ್ಬಳ್ಳಿ, ಮೀರಜಿನ ಕರೆಂಟ್ ಯಂತ್ರಗಳು ಇಲ್ಲಿಗೆ ಬರಬೇಕೆಂದು ನಾನು ಕೇಳುತ್ತಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಗಾಯ ಗೊತ್ತಿರುವ ಒಬ್ಬ ನರ್ಸು, ಅಂಟದ ಡ್ರೆಸಿಂಗ್ ಇರುವ ಒಂದು ಕಪಾಟು ಬೇಕು. ರೋಗಿಯನ್ನು ಮನೆಗೆ ಕಳಿಸುವ ದಿನ ಚೀಟಿಯಲ್ಲಿ ಕನ್ನಡದಲ್ಲಿ ಎರಡು ಸಾಲು ಬೇಕು: ಗಾಯ ಮುಂದಿನ ವಾರ ಹೆಚ್ಚಾದೀತು, ಸುಮಾರು ಒಂದು ತಿಂಗಳಲ್ಲಿ ಮಾಯುತ್ತದೆ, ಈ ಚೀಟಿ ಹಿಡಿದು ನಿಮ್ಮ ತಾಲೂಕಿನ ಆಸ್ಪತ್ರೆಗೆ ಹೋಗಿ.