ಗವಾಕ್ಷಿ ಯಾರಿಗೆ?



ಬೆಂಗಳೂರಿನಲ್ಲಿಯೂ ಪರದೇಶಗಳಲ್ಲಿಯೂ ನೆಲೆಸಿರುವ ನಿಮ್ಮಲ್ಲಿ ಅನೇಕರು ಈಚೆಗೆ ಊರಿನ ಹಳೆಯ ಮನೆಗಳನ್ನು ಬಿಚ್ಚಿಸಿ ಹೊಸದಾಗಿ ಕಟ್ಟಿಸುತ್ತಿದ್ದೀರಿ. ಸಂತೋಷದ ವಿಷಯ. ಮನೆಯೊಂದಿಗೆ ಕೊಟ್ಟಿಗೆಯೂ ತಾರಸಿಯದಾಗುತ್ತಿದೆ. ಸಿಮೆಂಟಿನ ನೆಲ, ನಾಲ್ಕು ಗೋಡೆ, ಮುಂದೆ ಕಬ್ಬಿಣದ ಷಟರು. ಈ ಕೊಟ್ಟಿಗೆಗಳನ್ನೂ, ಕಡೂರು, ತರೀಕೆರೆ, ಅಜ್ಜಂಪುರದ ಸುತ್ತಿನ ಪಶು ಆಸ್ಪತ್ರೆಗಳ ಕೋಣೆಗಳನ್ನೂ ಕುರಿತು ನನಗೆ ಒಂದು ಆಕ್ಷೇಪವಿದೆ. ನೆಲಕ್ಕೆ, ಗೋಡೆಗೆ, ಮಾಡಿಗೆ ನಾವು ಅಂದಾಜುಪಟ್ಟಿ ಬರೆಯುತ್ತೇವೆ. ಒಳಗೆ ಉಸಿರಾಡುವ ಗಾಳಿಗೆ ಆ ಪಟ್ಟಿಯಲ್ಲಿ ಒಂದು ಸಾಲೂ ಇರುವುದಿಲ್ಲ.

'ಗವಾಕ್ಷ' ಎಂಬ ಸಂಸ್ಕೃತ ಪದವನ್ನು ತರಗತಿಯಲ್ಲಿ ಬಿಡಿಸಿ ಹೇಳಿದ್ದು ನಿಮಗೆ ನೆನಪಿರಬಹುದು. ಗೋವಿನ ಅಕ್ಷಿ, ಅಂದರೆ ದನದ ಕಣ್ಣಿನಂತೆ ದುಂಡಗಿರುವ ಕಿಂಡಿ. ನಮ್ಮ ಮಾತಿನಲ್ಲಿ ಅದೇ ಗವಾಕ್ಷಿಯಾಯಿತು. ದನದ ಹೆಸರು ಹೊತ್ತ ಈ ಕಿಂಡಿ ಅಡುಗೆಮನೆಗೆ ಬಂದಿತು, ನಡುಮನೆಗೆ ಬಂದಿತು. ಕೊಟ್ಟಿಗೆಗೆ ಮಾತ್ರ ಬರಲಿಲ್ಲ.

ಹಿಂದೆ ಬಾರದಿದ್ದರೂ ನಡೆಯುತ್ತಿತ್ತು. ನಮ್ಮದು ಅಮೃತಮಹಲ್ ದನಗಳ ಸೀಮೆ. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಗೆ ಟಿಪ್ಪು ಸುಲ್ತಾನನು 'ಅಮೃತಮಹಲ್' ಎಂದು ಹೆಸರಿಟ್ಟನು. ಅಜ್ಜಂಪುರದ ಸರ್ಕಾರಿ ತಳಿ ಸಂವರ್ಧನಾ ಕೇಂದ್ರವು ಇಂದಿಗೂ ಆ ತಳಿಯನ್ನು ಉಳಿಸಿಕೊಂಡಿದೆ. ಆ ದನಗಳಿಗೆ ಕಟ್ಟಡವೆಂಬುದು ದೊಡ್ಡ ಸಂಗತಿಯಾಗಿರಲಿಲ್ಲ. ಬೇಸಗೆಗೆ ಬೇರೆ ಕಾವಲು, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ. ಹಿಂಡುಗಳು ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ನಡೆಯುತ್ತಿದ್ದವು. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಕೃಷ್ಣಮೃಗಗಳ ಸಂರಕ್ಷಣೆಗೆ ಮೀಸಲಾಯಿತು. ಆ ಬಯಲನ್ನು ನೋಡಿದವರಿಗೆ ಆ ದನಗಳು ಎಂಥ ಗಾಳಿಯಲ್ಲಿ ಬೆಳೆದವೆಂಬುದು ತಿಳಿಯುತ್ತದೆ. ಅಲ್ಲಿಯೂ ಬರವಿತ್ತು, ರೋಗವಿತ್ತು. ಅದೆಲ್ಲ ಸ್ವರ್ಗವಾಗಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಗಾಳಿಯ ಕೊರತೆಯೊಂದು ಇರಲಿಲ್ಲ.

ಊರೊಳಗಿನ ಮನೆಗಳಲ್ಲಿ ದನಗಳು ಒಳಗೇ ಇರುತ್ತಿದ್ದುದು ನಿಜ. ಬಯಲುಸೀಮೆಯ ಮನೆಗೆ ಕಾಲಿಟ್ಟರೆ ತಗ್ಗಿನಲ್ಲಿ ಕೊಟ್ಟಿಗೆ, ಗೋದಲಿ, ಮೆಟ್ಟಿಲೇರಿದರೆ ನಡುಮನೆ. ಆದರೆ ಮೇಲಿದ್ದುದು ನಾಡಹಂಚು. ಹಂಚು ಹಂಚಿನ ನಡುವಿನ ಸಂದುಗಳಲ್ಲಿ ಬಿಸಿಗಾಳಿ ಯಾರನ್ನೂ ಕೇಳದೆ ಹೊರಗೆ ಹೋಗುತ್ತಿತ್ತು. ಹಗಲೆಲ್ಲ ದನಗಳು ಮೇಯಲು ಹೋಗುತ್ತಿದ್ದವು. ಲಿಂಗದಹಳ್ಳಿಯ ಕಡೆ ಮಲೆನಾಡಿನ ಸೆರಗಿನಲ್ಲಿ ಕೊಟ್ಟಿಗೆಗೆ ಸೊಪ್ಪು ಹಾಸುತ್ತಿದ್ದರು. ಅದು ಗಂಜಲವನ್ನು ಹೀರಿಕೊಳ್ಳುತ್ತಿತ್ತು. ಈಗ ಇರುವುದು ಸೀಮೆಹಸು. ಅದು ಹಗಲೂ ರಾತ್ರಿ ಕಟ್ಟಿದಲ್ಲೇ ನಿಂತಿರುತ್ತದೆ, ಹೆಚ್ಚು ತಿನ್ನುತ್ತದೆ, ಹೆಚ್ಚು ಕುಡಿಯುತ್ತದೆ, ಹೆಚ್ಚು ಗಂಜಲ ಹಾಕುತ್ತದೆ. ತಾರಸಿಯಲ್ಲಿ ಸಂದಿಲ್ಲ. ದನ ಬದಲಾಯಿತು, ಮಾಡು ಬದಲಾಯಿತು. ಕಿಂಡಿ ಮಾತ್ರ ಹಾಗೆಯೇ ಇಲ್ಲದೆ ಉಳಿಯಿತು.

ಒಳಗೆ ಆಗುವುದೇನು? ಗಂಜಲದಲ್ಲಿ ಯೂರಿಯಾ ಇರುತ್ತದೆ. ಸಗಣಿಯಲ್ಲಿರುವ ಸೂಕ್ಷ್ಮಜೀವಿಗಳ ಕಿಣ್ವವು ಅದನ್ನು ಒಡೆದು ಅಮೋನಿಯಾ ಮಾಡುತ್ತದೆ. ಎರಡನ್ನೂ ಬೇರೆ ಬೇರೆ ಇಟ್ಟರೆ ಈ ಕ್ರಿಯೆ ನಿಧಾನ. ನೆಲದ ಮೇಲೆ ಕಲಸಿಹೋದರೆ ಚುರುಕು. ರಬ್ಬರ್ ಹಾಸು ಹಾಕಿದ್ದೇವೆಂದು ನೆಮ್ಮದಿಯಿಂದಿರುವವರು ಒಮ್ಮೆ ಅದನ್ನು ಎತ್ತಿ ಕೆಳಗೆ ನೋಡಬೇಕು. ಅಮೋನಿಯಾ ಗಾಳಿಗಿಂತ ಹಗುರವಾದುದರಿಂದ ಮೇಲಕ್ಕೆ ಹೋಗಿಬಿಡುತ್ತದೆಯೆಂದು ಬುದ್ಧಿವಂತರು ವಾದಿಸಬಹುದು. ಹೋಗಲು ದಾರಿಯಿದ್ದರಲ್ಲವೆ? ಅಲ್ಲದೆ ಅದು ಹುಟ್ಟುವುದು ನೆಲದಲ್ಲಿ. ಮಲಗಿದ ಹಸುವಿನ ಮೂಗು, ಅದಕ್ಕಿಂತ ಹೆಚ್ಚಾಗಿ ಕರುವಿನ ಮೂಗು, ಇರುವುದೂ ಅಲ್ಲಿಯೇ. ನಿಂತ ಮನುಷ್ಯನ ಮೂಗಿಗೆ 'ಪರವಾಗಿಲ್ಲ' ಎನಿಸುವ ಗಾಳಿ ಕರುವಿಗೆ ಪರವಾಗಿಲ್ಲವೆಂದು ಅರ್ಥವಲ್ಲ. ಅಮೋನಿಯಾ ಶ್ವಾಸನಾಳದ ಒಳಪದರವನ್ನು ಕೆರಳಿಸುತ್ತದೆ. ಧೂಳನ್ನೂ ರೋಗಾಣುಗಳನ್ನೂ ಹೊರಕ್ಕೆ ತಳ್ಳುವ ಸೂಕ್ಷ್ಮ ರೋಮಗಳು ಸೋಲುತ್ತವೆ. ಬಳಿಕ ಕರುಗಳಿಗೆ ನ್ಯುಮೋನಿಯಾ ಬಂದರೆ ನಾವು ಚಳಿಯನ್ನು ಬೈಯುತ್ತೇವೆ.

ನಮ್ಮ ಮೂಗು ಕೂಡ ಒಳ್ಳೆಯ ಸಾಕ್ಷಿಯಲ್ಲ. ಕೆಲವೇ ನಿಮಿಷಗಳಲ್ಲಿ ಅದು ವಾಸನೆಗೆ ಒಗ್ಗಿ ಸುಮ್ಮನಾಗುತ್ತದೆ. ಪ್ರಯೋಗಶಾಲೆಯಲ್ಲಿ ನವಸಾಗರ ಮತ್ತು ಅರಳಿದ ಸುಣ್ಣವನ್ನು ಕಾಯಿಸಿ, ಹೊರಬಂದ ಅನಿಲಕ್ಕೆ ಒದ್ದೆ ಮಾಡಿದ ಕೆಂಪು ಲಿಟ್ಮಸ್ ಹಿಡಿದು ಅದು ನೀಲಿಯಾಗುವುದನ್ನು ನೋಡಿದ್ದೀರಲ್ಲ, ಅದೇ ಕಾಗದವನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ, ಬೆಳಗಿನ ಜಾವ ಕೊಟ್ಟಿಗೆಯ ಬಾಗಿಲು ತೆರೆದೊಡನೆ ಮೊಣಕಾಲೆತ್ತರದಲ್ಲಿ ಹಿಡಿಯಿರಿ. ಕೋಳಿ ಸಾಕುವವರು ಪಿಎಚ್ ಕಾಗದದಿಂದ ಅಮೋನಿಯಾದ ಅಂದಾಜು ಮಾಡುವುದೂ ಹೀಗೆಯೇ. ಅಮೆರಿಕದ ನಿಯೋಷ್ ಎಂಬ ಔದ್ಯೋಗಿಕ ಆರೋಗ್ಯ ಸಂಸ್ಥೆ ಕೆಲಸಗಾರರಿಗೆ ಸೂಚಿಸಿರುವ ಮಿತಿ ಹತ್ತು ಲಕ್ಷ ಭಾಗ ಗಾಳಿಗೆ 25 ಭಾಗ ಅಮೋನಿಯಾ. ನಮ್ಮ ಕೊಟ್ಟಿಗೆಯ ಕೆಲಸಗಾರರು ಯಾರು? ಮನೆಯ ಹೆಂಗಸರು. ನಸುಕಿನಲ್ಲಿ ಬಾಗಿ ಸಗಣಿ ಬಾಚುವಾಗ ಅವರ ಮುಖವೂ ಹಸುವಿನ ಮುಖದ ಎತ್ತರಕ್ಕೇ ಇಳಿದಿರುತ್ತದೆ. ಅಮ್ಮನ ಕೆಮ್ಮಿಗೆ ಫೋನಿನಲ್ಲಿ ಔಷಧ ಸೂಚಿಸುವ ಮಕ್ಕಳು ಇದನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಅದೇ ಕೊಟ್ಟಿಗೆಯ ಅಟ್ಟದಲ್ಲಿ ಬೂಷ್ಟು ಹಿಡಿದ ಹುಲ್ಲಿದ್ದರೆ ಇನ್ನೂ ಒಂದು ಕಷ್ಟ. ಅಂಥ ಹುಲ್ಲಿನ ಧೂಳಿನಿಂದ ಶ್ವಾಸಕೋಶ ಕೆಡುವುದನ್ನು 1932ರಲ್ಲಿಯೇ ಇಂಗ್ಲೆಂಡಿನ ವೈದ್ಯರೊಬ್ಬರು ರೈತರಲ್ಲಿ ಗುರುತಿಸಿ ಬರೆದಿದ್ದರು.

2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ಹಬ್ಬಿದಾಗ ನೊಣ-ಸೊಳ್ಳೆಗಳನ್ನು ಓಡಿಸಲು ಬೇವಿನ ಸೊಪ್ಪಿನ ಹೊಗೆ ಹಾಕಿದವರು ಬಹಳ. ಉದ್ದೇಶ ಸರಿ. ಆದರೆ ಷಟರು ಎಳೆದು ಒಳಗೆ ಹೊಗೆ ತುಂಬಿಸುವುದು ಉಸಿರಾಟಕ್ಕೆ ಕಷ್ಟಪಡುವ ಪ್ರಾಣಿಗೆ ಮತ್ತೊಂದು ಕಷ್ಟ ಕೊಟ್ಟಂತೆ. ಹೊಗೆ ಹಾಕುವುದಾದರೆ ಗಾಳಿ ಬರುವ ದಿಕ್ಕಿನಲ್ಲಿ, ಹೊರಗೆ.

ಇನ್ನು ಪಶು ಆಸ್ಪತ್ರೆ. ಅಲ್ಲಿ ದನಕ್ಕೆ ಒಂದು ಅದೃಷ್ಟವಿದೆ: ಅದನ್ನು ಕಟ್ಟಿ ನಿಲ್ಲಿಸುವ ಕಬ್ಬಿಣದ ಕಂಬಗಳ ಚೌಕಟ್ಟು ಸಾಮಾನ್ಯವಾಗಿ ಅಂಗಳದಲ್ಲಿ, ಮರದ ಕೆಳಗೋ ತಗಡಿನ ನೆರಳಿನಲ್ಲೋ ಇರುತ್ತದೆ. ಇದನ್ನು ಬಡತನದ ಗುರುತೆಂದು ಭಾವಿಸಿ ಒಳಕ್ಕೆ ತರುವ ಉತ್ಸಾಹ ಯಾರಿಗೂ ಬಾರದಿರಲಿ. ತೊಂದರೆಯಿರುವುದು ಒಳಗಿನ ಕೋಣೆಗಳಲ್ಲಿ. ಪಟ್ಟಣಗಳಲ್ಲಿ ನಾಯಿ ಸಾಕುವವರು ಹೆಚ್ಚಿದ್ದಾರೆ. ಲಸಿಕೆಗೆ ಬಂದ ಎರಡು ತಿಂಗಳ ಮರಿಯೂ, ಡಿಸ್ಟೆಂಪರ್ ಹಿಡಿದು ಕೆಮ್ಮುತ್ತಿರುವ ನಾಯಿಯೂ ಒಂದೇ ಮುಚ್ಚಿದ ಕೋಣೆಯಲ್ಲಿ ಸರದಿ ಕಾಯುತ್ತವೆ. ಆ ರೋಗ ಹರಡುವುದೇ ಕೆಮ್ಮು-ಸೀನುಗಳ ತುಂತುರಿನಿಂದ. ಬೆಂಚನ್ನು ಜಗಲಿಗೆ ಸರಿಸಲು ಯಾವ ಅನುದಾನವೂ ಬೇಡ. ಕಂದು ರೋಗದಿಂದ ಹಸು ಗರ್ಭ ಕಳೆದುಕೊಂಡಾಗ ಅದರ ಮಾಸನ್ನು ಮುಟ್ಟಿದವರಿಗಷ್ಟೇ ಅಲ್ಲ, ಮುಚ್ಚಿದ ಜಾಗದಲ್ಲಿ ಅದರ ಗಾಳಿಯನ್ನು ಉಸಿರಾಡಿದವರಿಗೂ ರೋಗ ಅಂಟಬಹುದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಇದರ ಲಸಿಕೆ ಹಾಕುವ ವ್ಯವಸ್ಥೆಯಾಯಿತು, ಹಾಕಿಸಿರಿ.

ವಾಸನೆಯಿಲ್ಲದ ಅಪಾಯವೊಂದಿದೆ. ಕೃತಕ ಗರ್ಭಧಾರಣೆಯ ವೀರ್ಯನಳಿಕೆಗಳನ್ನು ಇಡುವ ದ್ರವ ಸಾರಜನಕದ ಕ್ಯಾನುಗಳು ಪಶು ಆಸ್ಪತ್ರೆಗಳಲ್ಲಿ ಇರುತ್ತವೆ. ಮೈನಸ್ 196 ಡಿಗ್ರಿಯ ಆ ದ್ರವ ಒಂದು ಲೀಟರ್ ಆವಿಯಾದರೆ ಸುಮಾರು 700 ಲೀಟರ್ ಅನಿಲವಾಗುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಹಿಡಿಯುವುದು ಸುಮಾರು 28,000 ಲೀಟರ್ ಗಾಳಿ. ಹತ್ತು ಲೀಟರ್ ಚೆಲ್ಲಿಹೋದರೆ ಕೋಣೆಯ ಕಾಲುಭಾಗದಷ್ಟು ಅನಿಲ ಹೊಸದಾಗಿ ತುಂಬಿ, ಶೇಕಡಾ 21ರಷ್ಟಿದ್ದ ಆಮ್ಲಜನಕ 16ರ ಆಸುಪಾಸಿಗೆ ಇಳಿಯುತ್ತದೆ. 19.5ಕ್ಕಿಂತ ಕಡಿಮೆಯಾದರೆ ಅಪಾಯವೆಂದು ಪರಿಗಣಿಸುತ್ತಾರೆ. ಸಾರಜನಕಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ತಿರುಗುವವರೆಗೆ ಗೊತ್ತಾಗುವುದಿಲ್ಲ. ದಿನನಿತ್ಯ ಕ್ಯಾನಿನಿಂದ ಆವಿಯಾಗುವ ಅಲ್ಪ ಪ್ರಮಾಣಕ್ಕೆ ಹೆದರಬೇಕಾದುದಿಲ್ಲ. ಆದರೆ ಒಂದರಿಂದ ಇನ್ನೊಂದಕ್ಕೆ ಸುರಿಯುವ ಕೆಲಸ ಕಿಟಕಿಯಿಲ್ಲದ ಉಗ್ರಾಣದಲ್ಲಿ ನಡೆಯಬಾರದು. ಆ ಕೆಲಸ ಮಾಡುವವರು ಹೆಚ್ಚಾಗಿ ಕಡಿಮೆ ಸಂಬಳದ ಸಹಾಯಕರು. ಕೇಳುವ ಧೈರ್ಯ ಅವರಿಗಿರುವುದಿಲ್ಲವಾದ್ದರಿಂದ ಉಳಿದವರು ಕೇಳಬೇಕು. ತರೀಕೆರೆಯಿಂದ ಬೇರೆಯಾದ ಅಜ್ಜಂಪುರವೀಗ ಸ್ವತಂತ್ರ ತಾಲ್ಲೂಕು. ಹೊಸ ತಾಲ್ಲೂಕೆಂದರೆ ಹೊಸ ಕಟ್ಟಡಗಳು. ನಕ್ಷೆ ಕಾಗದದ ಮೇಲಿರುವಾಗಲೇ ಕಿಟಕಿ ಕೇಳುವುದು ಸುಲಭ. ಗೋಡೆ ಎದ್ದ ಮೇಲೆ ಕಷ್ಟ.

ಇದನ್ನೆಲ್ಲ ಹೇಳಿದರೆ "ದನಕ್ಕೂ ಏಸಿ ಹಾಕಿಸಬೇಕೇನು, ಮೇಷ್ಟ್ರೇ?" ಎಂದು ಹಳೆಯ ಶಿಷ್ಯನೊಬ್ಬ ನಕ್ಕನು. ಬೇಡ. ಉದ್ದ ಪೂರ್ವ-ಪಶ್ಚಿಮಕ್ಕಿರಲಿ. ಪಶುವೈದ್ಯರು ಹೇಳುವಂತೆ ಒಂದು ಹಸುವಿಗೆ ನೆರಳಿನಲ್ಲಿ 3.5 ಚದರ ಮೀಟರ್, ತೆರೆದ ಅಂಗಳದಲ್ಲಿ 7 ಚದರ ಮೀಟರ್ ಜಾಗವಿರಲಿ. ಗಂಜಲ ನಿಲ್ಲದೆ ಮೋರಿಗೆ ಹರಿಯುವಷ್ಟು ನೆಲ ವಾಟವಾಗಿರಲಿ. ಗೋಡೆ ಸೊಂಟದೆತ್ತರ ಸಾಕು. ಮಾಡಿನ ನೆತ್ತಿಯಲ್ಲಿ ಉದ್ದಕ್ಕೂ ಒಂದು ಗೇಣು ಬಾಯಿ ಬಿಟ್ಟು, ಅದರ ಮೇಲೊಂದು ತಗಡಿನ ಟೋಪಿ ಹಾಕಿ. ಕೆಳಗಿಂದ ಬಂದ ತಂಪು ಗಾಳಿ ಹಸುವಿನ ಮೈಬಿಸಿಗೆ ಕಾದು ಮೇಲೇರಿ ತಾನೇ ಹೊರಗೆ ಹೋಗುತ್ತದೆ, ಕರೆಂಟು ಬೇಡ.

ಉಳಿದದ್ದು ಒಂದೇ ಆಕ್ಷೇಪ, ಅದನ್ನು ನಾನು ಗೌರವಿಸುತ್ತೇನೆ. ಲಿಂಗದಹಳ್ಳಿ ಕಡೆಯವರು, "ಚಿರತೆ ಕರು ಹೊತ್ತುಕೊಂಡು ಹೋದರೆ ನಿಮ್ಮ ಗಾಳಿ ಯಾರಿಗೆ?" ಎನ್ನುತ್ತಾರೆ. ಬಯಲುಸೀಮೆಯಲ್ಲಿ ಕಳ್ಳರ ಭಯ. ಷಟರು ಬಂದದ್ದು ಈ ಕಾರಣಕ್ಕೆ, ಅಂದಕ್ಕಲ್ಲ. ಸೊಂಟದೆತ್ತರದ ಗೋಡೆಯಿಂದ ಮಾಡಿನವರೆಗೆ ದಪ್ಪ ಕಬ್ಬಿಣದ ಜಾಲರಿ ಬಿಗಿಸಿ, ನೆತ್ತಿಯ ಬಾಯಿಗೂ ಅದನ್ನೇ ಹಾಕಿ, ಬಾಗಿಲನ್ನೂ ಸರಳಿನದೇ ಮಾಡಿಸಬಹುದು. ಮಾಗಿಯ ಚಳಿಗೆ ಗಾಳಿ ಬೀಸುವ ಕಡೆ ಮಾತ್ರ, ಕರುಗಳ ಎತ್ತರದವರೆಗೆ, ಗೋಣಿತಾಟು ಕಟ್ಟಿ, ಮೇಲಿನದನ್ನು ಮುಚ್ಚಬೇಡಿ. ಈ ಬೇಸಗೆಯಲ್ಲಿ ಕೊಟ್ಟಿಗೆ ಕಟ್ಟಿಸಲಿರುವವರು ಜಾಲರಿಯ ಖರ್ಚನ್ನೂ ಷಟರಿನ ಖರ್ಚನ್ನೂ ಎರಡು ಕಾಗದದಲ್ಲಿ ಬರೆಸಿ ನನಗೆ ಕಳುಹಿಸಿದರೆ ಹೋಲಿಸಿ ನೋಡೋಣ.