ಕಂಪನಿ ಉಳಿಯಿತು, ಊರು ಹೋಯಿತು: ಕುದುರೆಮುಖದ ಲೆಕ್ಕ

ಕಳಸ: ಕುದುರೆಮುಖ ಟೌನ್‌ಶಿಪ್ ಯಾಕೆ ಖಾಲಿ ಆಯ್ತು ಅಂತ ಕೇಳಿದ್ರೆ ಎಲ್ರದ್ದೂ ಒಂದೇ ಮಾತು, ‘ಗಣಿ ನಿಲ್ತಲ್ಲ, ಅದಕ್ಕೆ’. ಅದು ಅರ್ಧ ಉತ್ತರ ಅಷ್ಟೇ.

1976ರಲ್ಲಿ ಶುರುವಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಕಾಡಿನ ನಡುವೆ ಒಂದು ಊರನ್ನೇ ಕಟ್ಟಿತು. ಅದಿರಿನ ಪುಡಿ ನೀರಲ್ಲಿ ಕಲಸಿ, 67 ಕಿ.ಮೀ. ಪೈಪ್‌ಲೈನ್‌ನಲ್ಲಿ ಮಂಗಳೂರಿನ ಪಣಂಬೂರಿಗೆ ಹೋಗುತ್ತಿತ್ತು. 1987ರಲ್ಲಿ ಈ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಗಣಿಯ ಹೂಳು ಭದ್ರಾ ನದಿ ಸೇರುತ್ತಿದೆ ಎಂದು ಹೋರಾಟ ನಡೆಯಿತು. 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು. 2005ರ ಡಿಸೆಂಬರ್ 31ಕ್ಕೆ ಗಣಿ ಬಂದ್.

ಆದರೆ ಕಂಪನಿ ಮುಚ್ಚಲಿಲ್ಲ. ಬೇರೆ ಕಡೆಯ ಅದಿರು ತರಿಸಿ ಮಂಗಳೂರಿನಲ್ಲಿ ಪೆಲೆಟ್ ಕಾರ್ಖಾನೆ ನಡೆಸಿತು. ಹೋಗಿದ್ದು ಊರು ಮಾತ್ರ. ಯಾಕಂದ್ರೆ ಕ್ವಾರ್ಟರ್ಸ್, ನೀರು, ಆಸ್ಪತ್ರೆ ಎಲ್ಲಾ ಕಂಪನಿಯದ್ದೇ. ಕೆಲಸ ಇದ್ದಷ್ಟು ದಿನ ಮನೆ. ಸ್ವಂತ ಜಾಗ ಇಲ್ಲದವರು ಏನನ್ನ ನಂಬಿ ನಿಲ್ಲಬೇಕು? ಸುತ್ತ ಕಾಡು, ಇನ್ನೊಂದು ಕೈಗಾರಿಕೆಗೂ ದಾರಿ ಇಲ್ಲ.

ಕಂಪನಿಯವರ ಸಂಬಳದ ದುಡ್ಡು ಕಳಸದ ಅಂಗಡಿಗಳ ಗಲ್ಲಕ್ಕೂ ಬೀಳುತ್ತಿತ್ತು. ಅದು ನಿಂತರೂ ಕಳಸ ಉಳಿಯಿತು. ಇಲ್ಲಿ ಕಾಫಿ ಇತ್ತು, ಅಡಿಕೆ ಇತ್ತು, ಕಳಸೇಶ್ವರನಿಗೆ, ಹೊರನಾಡಿಗೆ ಬರೋ ಭಕ್ತರಿದ್ದರು.

ಈಗ ನಮ್ಮಲ್ಲಿ ಹೋಂಸ್ಟೇ, ಜೀಪು, ಚಾರಣದ ಭರಾಟೆ. ಒಳ್ಳೇದೇ. ಆದ್ರೆ ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿದ್ರೆ ವ್ಯಾಪಾರ ಎಷ್ಟು ಇಳಿಯುತ್ತೆ ಅನ್ನೋದು ಅಂಗಡಿಯವರಿಗೇ ಗೊತ್ತು. ಸಾಲ ಮಾಡಿ ಇನ್ನೊಂದು ರೂಮು ಕಟ್ಟೋ ಮೊದಲು, ಒಂದ್ಸಲ ಆ ಖಾಲಿ ಕ್ವಾರ್ಟರ್ಸ್ ಸಾಲಿನಲ್ಲಿ ನಡೆದು ಬನ್ನಿ. ಒಂದೇ ಕಂಬಕ್ಕೆ ಕಟ್ಟಿದ ಚಪ್ಪರ ಹೇಗೆ ಬೀಳುತ್ತೆ ಅಂತ ಅಲ್ಲಿ ಕಾಣುತ್ತೆ.